ಮನೆಯಂಗಳದಲ್ಲಿ ಈಜುಕೊಳ ಕಟ್ಟಿಸಬೇಕೇ, ಬೇಡವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಮತ್ತು ಅದರ ಹೊರವಲಯದಲ್ಲಿ ಸ್ವಂತ ಮನೆ ಅಥವಾ ತೋಟದ ಮನೆ ಕಟ್ಟಿಸುತ್ತಿರುವವರು, ನಕ್ಷೆ ಅಂತಿಮವಾಗುವ ಮುನ್ನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕರಾವಳಿ ಮತ್ತು ಉತ್ತರ ಕರ್ನಾಟಕದಲ್ಲಿ ಸ್ಥಿತಿ ಬೇರೆಯಾಗಿರುವ ಕಡೆ ಅದನ್ನೂ ಸೂಚಿಸಿದ್ದೇನೆ. ಲೆಕ್ಕ ಹಾಕಲು ಅನುಕೂಲವಾಗಲೆಂದು ಉದ್ದಕ್ಕೂ ಒಂದೇ ಅಳತೆಯ ಕೊಳವನ್ನು ಇಟ್ಟುಕೊಂಡಿದ್ದೇನೆ: 8 ಮೀಟರ್ ಉದ್ದ, 4 ಮೀಟರ್ ಅಗಲ, 1.2 ಮೀಟರ್ ಆಳ.

ಮೊದಲು ವಿಚಾರಿಸಬೇಕಾದದ್ದು ಏನನ್ನು: ಹಣವನ್ನೋ, ಜಾಗವನ್ನೋ?

ಎರಡನ್ನೂ ಅಲ್ಲ, ನೀರನ್ನು. ಮೇಲೆ ಹೇಳಿದ ಕೊಳ ಹಿಡಿಯುವುದು 38,400 ಲೀಟರ್, ಅಂದರೆ 6,000 ಲೀಟರಿನ ಟ್ಯಾಂಕರ್‌ಗಳ ಲೆಕ್ಕದಲ್ಲಿ ಆರೂವರೆ ಟ್ಯಾಂಕರ್. ಒಮ್ಮೆ ತುಂಬಿಸಿಬಿಟ್ಟರೆ ಮುಗಿಯಿತೆಂದು ಬಹಳ ಜನ ಭಾವಿಸುತ್ತಾರೆ. ನಿಜವಾದ ಲೆಕ್ಕ ಶುರುವಾಗುವುದು ಆಮೇಲೆ. ಬೆಂಗಳೂರಿನ ಹವೆಯಲ್ಲಿ ತೆರೆದ ನೀರಿನಿಂದ ದಿನಕ್ಕೆ ಸರಾಸರಿ 5 ಮಿಲಿಮೀಟರಿನಷ್ಟು ಆವಿಯಾಗುತ್ತದೆ ಎಂದು ಹಿಡಿದರೆ, 32 ಚದರ ಮೀಟರ್ ಮೇಲ್ಮೈಯಿಂದ ಪ್ರತಿದಿನ 160 ಲೀಟರ್ ಹೋಗುತ್ತದೆ. ತಿಂಗಳಿಗೆ 4,800 ಲೀಟರ್. ಯಾರೂ ಈಜದಿದ್ದರೂ, ಒಂದು ಹನಿಯೂ ಸೋರದಿದ್ದರೂ, ಎಂಟು ತಿಂಗಳಲ್ಲಿ ಇಡೀ ಕೊಳದಷ್ಟು ನೀರು ಗಾಳಿಗೆ ಹೋಗಿರುತ್ತದೆ.

ಮಳೆ ಅದನ್ನು ತುಂಬಿಕೊಡುವುದಿಲ್ಲವೇ ಎಂದು ಕೇಳಬಹುದು. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಇದೇ ಲೆಕ್ಕದಲ್ಲಿ ವರ್ಷಕ್ಕೆ ಆವಿಯಾಗುವುದು 1,800 ಮಿಲಿಮೀಟರಿಗೂ ಹೆಚ್ಚು. ಆದ್ದರಿಂದ ಇಲ್ಲಿಯ ಪ್ರತಿಯೊಂದು ತೆರೆದ ಕೊಳವೂ ಹೊರಗಿನಿಂದ ನೀರು ಬೇಡುತ್ತಲೇ ಇರುತ್ತದೆ. ಅದು ಅತಿ ಹೆಚ್ಚು ಬೇಡುವುದು ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ. ಮಕ್ಕಳಿಗೆ ರಜೆ ಬಂದು ಕೊಳ ಬೇಕೆನಿಸುವುದೂ, ನಗರದಲ್ಲಿ ನೀರಿಗೆ ಪರದಾಟ ಶುರುವಾಗುವುದೂ ಅದೇ ತಿಂಗಳುಗಳಲ್ಲಿ.

ಮನೆಗೆ ಕಾವೇರಿ ಸಂಪರ್ಕವಿದೆ. ಅದರಿಂದಲೇ ತುಂಬಿಸಿಕೊಳ್ಳಬಹುದಲ್ಲವೇ?

ತುಂಬಿಸಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಕಡೆಯಿಂದ ಸುಮಾರು 100 ಕಿಲೋಮೀಟರ್ ದೂರ, ಹಲವು ಹಂತಗಳಲ್ಲಿ ಪಂಪ್ ಮಾಡಿ ಮೇಲೆತ್ತಿ ತಂದ, ಶುದ್ಧೀಕರಿಸಿದ ಕುಡಿಯುವ ನೀರು ಅದು. 2024ರ ಮಾರ್ಚ್‌ನಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ ಬೆಂಗಳೂರು ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನೂ, ಮುಂದುವರಿಸಿದರೆ ದಿನಕ್ಕೆ 500 ರೂಪಾಯಿಯ ಹೆಚ್ಚುವರಿ ದಂಡವನ್ನೂ ಗೊತ್ತುಪಡಿಸಿತು. 2025ರ ಫೆಬ್ರವರಿಯಲ್ಲೂ ಕುಡಿಯುವ ನೀರಿನ ಅನ್ಯ ಬಳಕೆಗೆ ಇದೇ ಬಗೆಯ ನಿರ್ಬಂಧ ಬಂದಿತು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ನೀರಿಗೆ ದಾರಿಯಾಯಿತಾದರೂ, ಆ ನೀರು ನಲ್ಲಿಯೇ ಇಲ್ಲದೆ ವರ್ಷಗಟ್ಟಲೆ ಕಾದ ಹೊರವಲಯದ ಹಳ್ಳಿಗಳಿಗಾಗಿ ತಂದದ್ದು. ಬೇಸಿಗೆಯಲ್ಲಿ ನಿರ್ಬಂಧ ಬಂದರೂ ನಡೆಯುವಂಥ ಕೊಳ ನಿಮ್ಮದಾಗಿದ್ದರೆ ಮಾತ್ರ ಮುಂದಿನ ಪ್ರಶ್ನೆಗಳಿಗೆ ಅರ್ಥವಿದೆ.

ನಮ್ಮ ಬೋರ್‌ವೆಲ್‌ನಲ್ಲಿ ಧಾರಾಳ ನೀರಿದೆ. ಅದಾದರೆ?

ಬಳಸಬಹುದು, ಆದರೆ ಅಗೆಯುವ ಮುನ್ನವೇ ಆ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳಿ. ನೋಡಬೇಕಾದದ್ದು ಮುಖ್ಯವಾಗಿ ಗಡಸುತನ (ನೀರಿನಲ್ಲಿ ಕರಗಿರುವ ಸುಣ್ಣದಂಶ) ಮತ್ತು ಕಬ್ಬಿಣದ ಅಂಶ. ಕೊಳದ ನೀರಿನಲ್ಲಿ ಕ್ಯಾಲ್ಸಿಯಂ ಗಡಸುತನ ಲೀಟರಿಗೆ 200ರಿಂದ 400 ಮಿಲಿಗ್ರಾಂ ಇರಬೇಕೆಂಬುದು ಸಾಮಾನ್ಯ ನಿಯಮ. ಬೆಂಗಳೂರು, ಕೋಲಾರದ ಕಡೆಯ ಆಳದ ಬೋರ್‌ವೆಲ್‌ಗಳ ನೀರು ಈ ಮಿತಿಯನ್ನು ಮೊದಲೇ ದಾಟಿರುವುದು ಅಪರೂಪವಲ್ಲ.

ತೊಂದರೆ ಅಲ್ಲಿಗೇ ನಿಲ್ಲುವುದಿಲ್ಲ. ಆವಿಯಾಗುವುದು ನೀರು ಮಾತ್ರ, ಸುಣ್ಣದಂಶ ಕೊಳದಲ್ಲಿಯೇ ಉಳಿಯುತ್ತದೆ. 500 ಮಿಲಿಗ್ರಾಂ ಗಡಸುತನದ ನೀರನ್ನು ದಿನಕ್ಕೆ 160 ಲೀಟರಿನಂತೆ ತುಂಬಿಸುತ್ತ ಹೋದರೆ ದಿನಕ್ಕೆ 80 ಗ್ರಾಂ, ಎಂಟು ತಿಂಗಳಿಗೆ 19 ಕಿಲೋ ಸುಣ್ಣದಂಶ ಕೊಳಕ್ಕೆ ಸೇರುತ್ತದೆ. ಮಳೆಯನ್ನೂ ಬ್ಯಾಕ್‌ವಾಶ್ ಅನ್ನೂ (ಫಿಲ್ಟರನ್ನು ತೊಳೆಯಲು ನೀರನ್ನು ಹಿಮ್ಮುಖವಾಗಿ ಹರಿಸಿ ಹೊರಬಿಡುವುದು) ಬದಿಗಿಟ್ಟರೆ ಗಡಸುತನ ಇಮ್ಮಡಿಯಾಯಿತೆಂದೇ ಅರ್ಥ. ಮೊದಲು ಕಾಣಿಸಿಕೊಳ್ಳುವುದು ನೀರಿನ ಮಟ್ಟದ ಗುಂಟ ಟೈಲ್ಸ್ ಮೇಲೆ ಎದ್ದು ನಿಲ್ಲುವ ಬಿಳಿಯ ಗೆರೆ. ಉಗುರಿನಿಂದ ಕೆರೆದರೆ ಅದು ಹುಡಿಯಾಗಿ ಉದುರುತ್ತಿರುವಾಗಲೇ ಎಚ್ಚೆತ್ತುಕೊಳ್ಳಬೇಕು. ಗಟ್ಟಿಯಾದ ಮೇಲೆ ಆಸಿಡ್ ಇಲ್ಲದೆ ಹೋಗದು, ಅಷ್ಟರಲ್ಲಿ ಫಿಲ್ಟರಿನ ಮರಳೂ ಗಂಟುಕಟ್ಟಿರುತ್ತದೆ. ಕಬ್ಬಿಣದ ಅಂಶವಿದ್ದರಂತೂ ಕಣ್ಣಿಗೆ ತಿಳಿಯಾಗಿ ಕಾಣುವ ನೀರಿಗೆ ಕ್ಲೋರಿನ್ ಹಾಕಿದೊಡನೆ ಅದು ಚಹಾದ ಬಣ್ಣಕ್ಕೆ ತಿರುಗುತ್ತದೆ.

ಕೊಳಕ್ಕೆಂದೇ ಹೊಸ ಬೋರ್‌ವೆಲ್ ಕೊರೆಸುವ ಯೋಚನೆಯನ್ನು ಕೈಬಿಡಿ. 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಡಿ ಅಧಿಸೂಚಿತ ಪ್ರದೇಶಗಳಲ್ಲಿ ಅದಕ್ಕೆ ಅನುಮತಿ ಬೇಕು. ಅನುಮತಿ ಸಿಕ್ಕಿದರೂ, ನಿಮ್ಮ ಬೋರ್‌ವೆಲ್ ಎಳೆಯುವ ನೀರು ನೆರೆಮನೆಯ ಬೋರ್‌ವೆಲ್ಲಿನದೂ ಹೌದು.

ಹಾಗಾದರೆ ನ್ಯಾಯವಾದ ನೀರು ಯಾವುದು?

ಚಾವಣಿಯ ಮಳೆನೀರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರಿನ ಚಾವಣಿಯಿಂದ, ಐದರಲ್ಲೊಂದು ಭಾಗ ನಷ್ಟವಾಗುತ್ತದೆಂದು ಹಿಡಿದರೂ, ಬೆಂಗಳೂರಿನಲ್ಲಿ ವರ್ಷಕ್ಕೆ 77,000 ಲೀಟರಿನಷ್ಟು ನೀರು ಸಿಗುತ್ತದೆ. ಅಂದರೆ ನಮ್ಮ ಉದಾಹರಣೆಯ ಕೊಳವನ್ನು ಎರಡು ಬಾರಿ ತುಂಬಿಸುವಷ್ಟು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಜೋರು ಮಳೆಯಲ್ಲಿ ಕೊಳವನ್ನು ತುಂಬಿಸಿಕೊಂಡು, ಬೇಸಿಗೆಯ ಆವಿಗೆ ಬೇಕಾಗುವಷ್ಟನ್ನು ಮುಚ್ಚಿದ ಸಂಪಿನಲ್ಲಿ ಹಿಡಿದಿಟ್ಟುಕೊಳ್ಳುವುದು ಸಾಧ್ಯವಿರುವ ಕೆಲಸ. ಮಳೆನೀರಿನಲ್ಲಿ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಬೋರ್‌ವೆಲ್ ನೀರಿನೊಂದಿಗೆ ಬೆರೆಸಿದಾಗ ಎರಡರ ದೋಷವೂ ತಗ್ಗುತ್ತದೆ. ಆದರೆ ಸಂಪಿಗೆ ಜಾಗವನ್ನು ಕೊಳದ ಜೊತೆಗೇ ನಕ್ಷೆಯಲ್ಲಿ ಗುರುತಿಸಬೇಕು. ಮೇಲ್ಮೈಗೆ ಹೊದಿಕೆಯನ್ನು ಹಾಸಿದರೆ ಮತ್ತೆ ತುಂಬಿಸಬೇಕಾದ ನೀರಿನಲ್ಲಿ ಮೂರನೇ ಒಂದರಿಂದ ಅರ್ಧದವರೆಗೆ ಉಳಿತಾಯವಾಗುತ್ತದೆ. ಹೊದಿಕೆಯಿಲ್ಲದ ಕೊಳವನ್ನು ಈ ನಾಡಿನ ಒಣ ಜಿಲ್ಲೆಗಳಲ್ಲಿ ಕಟ್ಟಿಸಲೇಬಾರದು ಎಂದೇ ಹೇಳುತ್ತೇನೆ.

ಇನ್ನೊಂದು ಮಾತು: ಸರಿಯಾಗಿ ಸೋಸಿ, ರಾಸಾಯನಿಕಗಳ ಹದ ಕಾಯ್ದುಕೊಂಡ ನೀರನ್ನು ವರ್ಷವರ್ಷವೂ ಖಾಲಿ ಮಾಡಬೇಕಾಗಿಲ್ಲ. ಪ್ರತಿ ಬೇಸಿಗೆಗೂ ನೀರು ಬದಲಿಸಬೇಕು ಎನ್ನುವ ನಿರ್ವಹಣೆಯವರು ತಮ್ಮ ಕೆಲಸವನ್ನು ಹಗುರ ಮಾಡಿಕೊಳ್ಳುತ್ತಿದ್ದಾರೆ.

ಖರ್ಚು ಎಷ್ಟಾಗಬಹುದು?

ಒಂದೇ ಅಂಕಿಯನ್ನು ಹೇಳುವುದು ಮೋಸವಾದೀತು. ಆರ್‌ಸಿಸಿ ಗೋಡೆ ಕಟ್ಟಿ ಟೈಲ್ಸ್ ಹಾಕುವ ಕೊಳ, ಕಾರ್ಖಾನೆಯಲ್ಲಿ ತಯಾರಾಗಿ ಬರುವ ಫೈಬರ್‌ಗ್ಲಾಸ್ ತೊಟ್ಟಿ, ಉಕ್ಕಿನ ಚೌಕಟ್ಟಿಗೆ ಪಿವಿಸಿ ಹಾಳೆ ಹೊದಿಸಿದ ಕೊಳ, ಇವುಗಳ ನಡುವೆ ಬೆಲೆಯ ಅಂತರ ದೊಡ್ಡದು. ದರಪಟ್ಟಿಗಳನ್ನು ಹೋಲಿಸುವಾಗ ಒಟ್ಟು ಮೊತ್ತಕ್ಕಿಂತ ಬಿಟ್ಟುಹೋದ ಸಂಗತಿಗಳನ್ನು ಹುಡುಕಿ. ಅಗೆದ ಮಣ್ಣನ್ನು ಸಾಗಿಸುವುದು, ಅಡಿಯಲ್ಲಿ ಬಂಡೆ ಸಿಕ್ಕರೆ ಒಡೆಯುವುದು, ನೀರುನಿರೋಧಕ ಲೇಪನ, ಟೈಲ್ಸ್ ಹಾಕುವ ಮುನ್ನ ನೀರು ತುಂಬಿಸಿ ಹಲವು ದಿನ ನಿಲ್ಲಿಸಿ ನೋಡುವ ಸೋರಿಕೆ ಪರೀಕ್ಷೆ, ಪಂಪಿನ ಕೋಣೆ, ಬೇಲಿ, ಹೊದಿಕೆ, ಬ್ಯಾಕ್‌ವಾಶ್ ನೀರು ಹರಿದುಹೋಗುವ ದಾರಿ: ಕಡಿಮೆ ದರ ಹೇಳಿದವರ ಪಟ್ಟಿಯಲ್ಲಿ ಇವುಗಳಲ್ಲಿ ಎರಡು ಮೂರು ಕಾಣೆಯಾಗಿರುತ್ತವೆ.

ತಿಂಗಳ ಖರ್ಚಿನಲ್ಲಿ ಜನ ಮರೆಯುವುದು ವಿದ್ಯುತ್ತನ್ನು. ಒಂದು ಅಶ್ವಶಕ್ತಿಯ ಪಂಪು ದಿನಕ್ಕೆ ಎಂಟು ಗಂಟೆ ಓಡಿದರೆ ಕನಿಷ್ಠ 6 ಯೂನಿಟ್, ತಿಂಗಳಿಗೆ 180 ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುವುದರಿಂದ, ಈವರೆಗೆ ಶೂನ್ಯ ಬಿಲ್ ಬರುತ್ತಿದ್ದ ಮನೆಗೆ ಪಂಪಿನ ವಿದ್ಯುತ್ತಿನ ಬೆಲೆಯಷ್ಟೇ ಅಲ್ಲ, ಇಡೀ ಮನೆಯ ವಿದ್ಯುತ್ತಿನ ಬೆಲೆಯೂ ಬೀಳುತ್ತದೆ.

ಜಾಗವಿಲ್ಲ. ತಾರಸಿಯ ಮೇಲೆ ಕಟ್ಟಿಸಬಹುದೇ?

ಈಗಾಗಲೇ ಕಟ್ಟಿ ಮುಗಿಸಿದ ಮನೆಯ ತಾರಸಿಯಾದರೆ ಬೇಡ. ವಾಸದ ಕೋಣೆಗಳ ನೆಲವನ್ನು ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರಕ್ಕೆ ವಿನ್ಯಾಸಗೊಳಿಸುತ್ತಾರೆ. 1.2 ಮೀಟರ್ ಆಳದ ನೀರು ಪ್ರತಿ ಚದರ ಮೀಟರಿನ ಮೇಲೆ ಹೇರುವುದು 1,200 ಕಿಲೋ, ಅಂದರೆ ಆರು ಪಟ್ಟು. ಕೊಳದ ಗೋಡೆ ಮತ್ತು ತಳದ ತೂಕ ಇದಕ್ಕೆ ಸೇರಿಲ್ಲ. ಮಡಚಿಡಬಹುದಾದ ಪ್ಲಾಸ್ಟಿಕ್ ಕೊಳವನ್ನು ಬೇಸಿಗೆಯಲ್ಲಿ ತಾರಸಿಯ ಮೇಲೆ ಹರವುವವರೂ ಇದೇ ಲೆಕ್ಕವನ್ನು ಮಾಡಬೇಕು. 60 ಸೆಂಟಿಮೀಟರ್ ನೀರೂ ಮಿತಿಯ ಮೂರು ಪಟ್ಟು. ಹೊಸ ಕಟ್ಟಡವಾದರೆ ಸ್ಟ್ರಕ್ಚರಲ್ ಎಂಜಿನಿಯರ್ ಮೊದಲ ದಿನದಿಂದಲೇ ಈ ಭಾರವನ್ನು ಕಂಬ, ತೊಲೆ, ಅಡಿಪಾಯಗಳಲ್ಲಿ ಸೇರಿಸಿಕೊಂಡಿರಬೇಕು, ಮಂಜೂರಾದ ನಕ್ಷೆಯಲ್ಲಿಯೂ ಅದು ಕಾಣಿಸಬೇಕು.

ಎಲ್ಲ ಬಗೆಯ ಮಣ್ಣಿಗೂ ಒಂದೇ ವಿನ್ಯಾಸ ಸಾಕೇ?

ಸಾಲದು. ಧಾರವಾಡ, ಗದಗ, ವಿಜಯಪುರದ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕುಬಿಡುತ್ತದೆ. ಆ ಎಳೆದಾಟಕ್ಕೆ ಸಿಕ್ಕ ಕೊಳದ ಗೋಡೆ ಸೀಳುತ್ತದೆ. ಅಲ್ಲಿ ಎರೆಯನ್ನು ತೆಗೆದು ಗರಸು ತುಂಬಿ ಗಟ್ಟಿಮಾಡುವ ಖರ್ಚನ್ನು ತಪ್ಪಿಸಲಾಗದು. ಕರಾವಳಿಯಲ್ಲಿ ಸಮಸ್ಯೆ ಇದಕ್ಕೆ ತದ್ವಿರುದ್ಧ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವ ಮಂಗಳೂರಿನಂಥ ಕಡೆ ಆಷಾಢದಲ್ಲಿ ಅಂತರ್ಜಲ ನೆಲದ ಮಟ್ಟಕ್ಕೆ ಹತ್ತಿರ ಬಂದಿರುತ್ತದೆ. ಆಗ ಸ್ವಚ್ಛಗೊಳಿಸಲೆಂದು ಕೊಳವನ್ನು ಖಾಲಿ ಮಾಡಿದರೆ ಕೆಳಗಿನ ನೀರಿನ ಒತ್ತಡಕ್ಕೆ ತಳವೇ ಮೇಲೇಳಬಹುದು, ಹಗುರವಾದ ಫೈಬರ್‌ಗ್ಲಾಸ್ ತೊಟ್ಟಿಯಂತೂ ಇಡಿಯಾಗಿ ತೇಲಿ ಬರಬಹುದು. ಮಲೆನಾಡಿನಲ್ಲಿ ಎಲೆ ಕಸದ ಕಾಟ ಹೆಚ್ಚು. ಮರದ ನೆರಳಿನಿಂದ ದೂರ ಕಟ್ಟಿಸಿದರೆ ಸಾಕು.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕೊಳ ಇರಬಹುದೇ?

ನಾಲ್ಕೂ ಕಡೆ ಬೇಲಿಯಿದ್ದರೆ ಇರಬಹುದು. ಇಲ್ಲದಿದ್ದರೆ ಇರಬಾರದು. ಈ ವಿಷಯದಲ್ಲಿ ರಾಜಿಗೆ ಜಾಗವಿಲ್ಲ, ಏಕೆಂದರೆ ಇದೊಂದು ತಪ್ಪನ್ನು ಆಮೇಲೆ ಸರಿಪಡಿಸಲಾಗದು.

ಮನೆಯ ಕಾಂಪೌಂಡನ್ನೇ ಬೇಲಿಯೆಂದು ಎಣಿಸುವುದು ನಮ್ಮಲ್ಲಿ ಎಲ್ಲೆಡೆ ಕಾಣುವ ತಪ್ಪು. ಕಾಂಪೌಂಡು ಹೊರಗಿನವರನ್ನು ತಡೆಯುತ್ತದೆ. ಅಡುಗೆಮನೆಯ ಹಿಂಬಾಗಿಲಿನಿಂದ ಅಂಗಳಕ್ಕಿಳಿಯುವ ಎರಡು ವರ್ಷದ ಮಗುವನ್ನು ತಡೆಯುವುದಿಲ್ಲ. ಬೇಲಿ ಮನೆಗೂ ಕೊಳಕ್ಕೂ ನಡುವೆ ಇರಬೇಕು. ಎತ್ತರ ಕನಿಷ್ಠ 1.2 ಮೀಟರ್, ಸರಳುಗಳ ನಡುವಿನ ಅಂತರ 10 ಸೆಂಟಿಮೀಟರಿಗಿಂತ ಕಡಿಮೆ, ಮಗು ಕಾಲಿಟ್ಟು ಏರಬಹುದಾದ ಅಡ್ಡಪಟ್ಟಿಗಳಿಲ್ಲದ ವಿನ್ಯಾಸ. ಗೇಟು ಕೊಳದಿಂದ ಹೊರಮುಖವಾಗಿ ತೆರೆದುಕೊಳ್ಳಬೇಕು, ಕೈಬಿಟ್ಟೊಡನೆ ತಾನಾಗಿ ಮುಚ್ಚಿಕೊಳ್ಳಬೇಕು, ಚಿಲಕವೂ ತಾನಾಗಿ ಬೀಳಬೇಕು. ಗೇಟನ್ನು ಅರ್ಧ ತೆರೆದು ಬಿಟ್ಟು ನೋಡಿ. ತಳ್ಳದೆ ಬಿಟ್ಟಾಗಲೂ ಚಿಲಕ ಸದ್ದು ಮಾಡಿ ಕೂರದಿದ್ದರೆ ಅಂದೇ ಸರಿಪಡಿಸಿ. ಬೇಲಿಯ ಪಕ್ಕದಲ್ಲಿ ಕುರ್ಚಿ, ಹೂಕುಂಡ, ಮಗುಚಿಟ್ಟ ಬಕೆಟ್ಟು ಇರಕೂಡದು. ಆಟ ಮುಗಿದ ಮೇಲೆ ಚೆಂಡು, ಗೊಂಬೆಗಳನ್ನು ನೀರಿನಲ್ಲಿ ತೇಲಲು ಬಿಡಬಾರದು, ಮಗುವನ್ನು ಅವೇ ಕರೆಯುತ್ತವೆ. ನೀರು ಉಳಿಸುವ ಹೊದಿಕೆ ಸುರಕ್ಷತೆಯ ಹೊದಿಕೆಯಲ್ಲ. ಅದರ ಮೇಲೆ ಕಾಲಿಟ್ಟ ಮಗು ಅದರಡಿಯಲ್ಲೇ ಸಿಲುಕಿಕೊಳ್ಳಬಹುದು.

ಮುಳುಗುತ್ತಿರುವ ಮಗು ಕೂಗಿ ಕರೆಯುವುದಿಲ್ಲ. ಬಾಯಿ ನೀರಿನಿಂದ ಮೇಲೆ ಬರುವ ಕ್ಷಣಗಳಲ್ಲಿ ಅದು ಉಸಿರೆಳೆಯಲು ಹೆಣಗುತ್ತಿರುತ್ತದೆ. ಆದ್ದರಿಂದ ಮಕ್ಕಳು ನೀರಿನಲ್ಲಿರುವಷ್ಟು ಹೊತ್ತೂ ಈಜು ಬಲ್ಲ ಒಬ್ಬ ಹಿರಿಯರು, ಫೋನನ್ನು ಬದಿಗಿಟ್ಟು, ಕೈಗೆ ಎಟುಕುವ ದೂರದಲ್ಲಿರಬೇಕು.

ಅಪಾಯ ಮಕ್ಕಳಿಗೆ ಮಾತ್ರವಲ್ಲ. 2024ರ ನವೆಂಬರ್‌ನಲ್ಲಿ ಉಳ್ಳಾಲ ಸಮೀಪದ ಸೋಮೇಶ್ವರದ ರೆಸಾರ್ಟ್ ಒಂದರ ಕೊಳದಲ್ಲಿ ಮೈಸೂರಿನ ಮೂವರು ವಿದ್ಯಾರ್ಥಿನಿಯರು ಪ್ರಾಣ ಕಳೆದುಕೊಂಡರು. ಒಬ್ಬರು ಆಳಕ್ಕೆ ಜಾರಿದಾಗ ಉಳಿದವರು ರಕ್ಷಿಸಲು ಹೋಗಿದ್ದರು. ನೆಲ ಇಳಿಜಾರಾಗಿ ಆಳವಾಗುತ್ತ ಹೋಗುವ ಕೊಳ ಈಜು ಬಾರದವರನ್ನು ಅರಿವಿಲ್ಲದೆ ಆಳಕ್ಕೆ ಒಯ್ಯುತ್ತದೆ. ಮನೆಯ ಕೊಳಕ್ಕೆ ಉದ್ದಕ್ಕೂ 1.2 ಮೀಟರಿನ ಸಮ ಆಳವೇ ಸಾಕು. ಎಸೆಯಲು ಹಗ್ಗ ಕಟ್ಟಿದ ಒಂದು ತೇಲುಬಳೆ ಮತ್ತು ಉದ್ದನೆಯ ಒಂದು ಗಳು ಸದಾ ಕೊಳದ ಬದಿಯಲ್ಲಿರಬೇಕು, ಮನೆಯ ಕನಿಷ್ಠ ಇಬ್ಬರು ಸಿಪಿಆರ್ (ಉಸಿರು, ಎದೆಬಡಿತ ನಿಂತವರಿಗೆ ಕೊಡುವ ಪ್ರಥಮ ಚಿಕಿತ್ಸೆ) ಕಲಿತಿರಬೇಕು.

ತಳದ ನೀರೆಳೆಯುವ ಕಂಡಿ ಒಂದೇ ಇದ್ದರೆ ಅದರ ಸೆಳೆತಕ್ಕೆ ಕೂದಲೋ ಬಟ್ಟೆಯೋ ಸಿಕ್ಕಿಕೊಳ್ಳಬಹುದು. ದೂರದೂರದಲ್ಲಿ ಎರಡು ಕಂಡಿಗಳಿದ್ದು, ಎರಡಕ್ಕೂ ಉಬ್ಬಿದ ಜಾಲರಿ ಇರಬೇಕು. ನೀರಿನೊಳಗಿನ ದೀಪಗಳು 12 ವೋಲ್ಟಿನವಾಗಿರಲಿ. ಪಂಪು, ದೀಪಗಳ ಮಾರ್ಗಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು) ಕಡ್ಡಾಯವಾಗಿರಲಿ.

ಉಪ್ಪುನೀರಿನ ಕೊಳದಲ್ಲಿ ಕ್ಲೋರಿನ್ ಇರುವುದಿಲ್ಲವಂತೆ, ಹೌದೇ?

ಅಲ್ಲ. ನೀರಿಗೆ ಹಾಕಿದ ಉಪ್ಪನ್ನು ಯಂತ್ರವು ವಿದ್ಯುತ್ತಿನಿಂದ ವಿಭಜಿಸಿ ಕ್ಲೋರಿನ್ನನ್ನೇ ತಯಾರಿಸುತ್ತದೆ. ನಮ್ಮ ಅಳತೆಯ ಕೊಳಕ್ಕೆ ಸುಮಾರು 130 ಕಿಲೋ ಉಪ್ಪು ಬೇಕು. ಕ್ಲೋರಿನ್ ಸಂಗ್ರಹಿಸಿಡುವ ತಲೆನೋವು ತಪ್ಪುತ್ತದೆಂಬುದು ನಿಜ, ಆದರೆ ಗಡಸು ನೀರಿನಲ್ಲಿ ಯಂತ್ರದ ತಗಡುಗಳ ಮೇಲೆ ಸುಣ್ಣ ಕಟ್ಟುತ್ತದೆ, ಬ್ಯಾಕ್‌ವಾಶ್ ನೀರನ್ನು ಗಿಡಗಳಿಗೆ ಬಿಡಲಾಗುವುದಿಲ್ಲ. ತೋಟವಿರುವವರಿಗೆ ನಾನು ಇದನ್ನು ಸೂಚಿಸುವುದಿಲ್ಲ.

ನಿತ್ಯದ ನಿರ್ವಹಣೆ ಎಷ್ಟು?

ದಿನವೂ ಎಲೆ ಕಸ ತೆಗೆಯುವುದು, ಪಂಪು ಓಡಿಸುವುದು, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.2ರಿಂದ 7.6ರ ನಡುವೆ ಹಾಗೂ ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇದೆಯೇ ಎಂದು ನೋಡುವುದು. ವಾರಕ್ಕೊಮ್ಮೆ ಗೋಡೆ ಉಜ್ಜುವುದು, ಒತ್ತಡದ ಮಾಪಕ ಏರಿದಾಗ ಫಿಲ್ಟರನ್ನು ಬ್ಯಾಕ್‌ವಾಶ್ ಮಾಡುವುದು. ಬಿಸಿಲು ಕ್ಲೋರಿನ್ನನ್ನು ಬೇಗ ನಾಶಮಾಡುವುದರಿಂದ ಅದನ್ನು ಸಂಜೆ ಹಾಕುವುದು ಲೇಸು. ಕ್ಲೋರಿನ್ ಮತ್ತು ಆಸಿಡ್ ಡಬ್ಬಿಗಳನ್ನು ಒಟ್ಟಿಗೆ ಇಡಕೂಡದು, ಒಂದೇ ಮಗ್ಗಿನಿಂದ ಎರಡನ್ನೂ ಅಳೆಯಕೂಡದು. ಬೆರೆತರೆ ಹೊರಡುವುದು ವಿಷಾನಿಲ.

ಊರಿಗೆ ಹೋಗುವಾಗ ಪಂಪು ನಿಲ್ಲಿಸಿ ಬೀಗ ಹಾಕಿಕೊಂಡು ಹೋಗುವ ಹಾಗಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನಿಂತ ನೀರಿನಲ್ಲಿ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಏಳರಿಂದ ಹತ್ತು ದಿನ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ, ಗ್ರಾಮೀಣ ಮನೆಗಳಿಗೆ 200 ರೂಪಾಯಿ ದಂಡ ನಿಗದಿಪಡಿಸಿತು. ದಂಡ ಸಣ್ಣದು; ಪಕ್ಕದ ಮನೆಯ ಮಗುವಿಗೆ ಬರುವ ಜ್ವರ ಸಣ್ಣದಲ್ಲ. ವಾರಕ್ಕೊಮ್ಮೆ ಮಾತ್ರ ಹೋಗುವ ತೋಟದ ಮನೆಯಲ್ಲಿ, ಅಲ್ಲಿಯೇ ವಾಸವಿದ್ದು ನೋಡಿಕೊಳ್ಳುವವರು ಇಲ್ಲದಿದ್ದರೆ, ಕೊಳ ಬೇಡ.

ನೀರು ತಗ್ಗುತ್ತಿದೆ. ಸೋರಿಕೆಯೋ, ಆವಿಯೋ ಎಂದು ತಿಳಿಯುವುದು ಹೇಗೆ?

ಬಕೆಟ್ಟಿಗೆ ಕೊಳದ ನೀರನ್ನೇ ತುಂಬಿ, ಮೆಟ್ಟಿಲಿನ ಮೇಲೆ ಅರ್ಧ ಮುಳುಗುವಂತೆ ಇಡಿ. ಒಳಗಿನ ನೀರಿನ ಮಟ್ಟ ಹೊರಗಿನ ಮಟ್ಟಕ್ಕೆ ಸಮನಾಗಿರಲಿ. ಎರಡನ್ನೂ ಬಕೆಟ್ಟಿನ ಒಳಗೆ ಹೊರಗೆ ಪೆನ್ಸಿಲಿನಿಂದ ಗುರುತು ಮಾಡಿ. ಪಂಪು ನಿಲ್ಲಿಸಿ, ಯಾರೂ ಇಳಿಯದೆ, ಮಳೆಯಿಲ್ಲದ 24 ಗಂಟೆ ಬಿಡಿ. ಎರಡೂ ಸಮವಾಗಿ ಇಳಿದಿದ್ದರೆ ಆವಿ. ಹೊರಗಿನ ಗುರುತಿನಿಂದ ನೀರು ಹೆಚ್ಚು ಇಳಿದಿದ್ದರೆ ಸೋರಿಕೆ. ಪಂಪು ಓಡಿಸಿಕೊಂಡು ಇದನ್ನೇ ಮತ್ತೊಮ್ಮೆ ಮಾಡಿದಾಗ ಸೋರಿಕೆ ಹೆಚ್ಚಾದರೆ ದೋಷ ಪೈಪಿನಲ್ಲಿದೆ.

ಮಗಳಿಗೆ ಈಜಿನಲ್ಲಿ ಆಸಕ್ತಿಯಿದೆ. ಅವಳ ಅಭ್ಯಾಸಕ್ಕೆ ಮನೆಯ ಕೊಳ ನೆರವಾಗುವುದೇ?

ನೀರಿನ ಭಯ ಬಿಡಿಸಲು ನೆರವಾಗುತ್ತದೆ, ಸ್ಪರ್ಧೆಗೆ ಆಗುವುದಿಲ್ಲ. 8 ಮೀಟರಿನಲ್ಲಿ ಗೋಡೆ ಒದ್ದು ಹೊರಟವರಿಗೆ ನಾಲ್ಕಾರು ಕೈ ಬೀಸುವಷ್ಟರಲ್ಲಿ ಎದುರಿನ ಗೋಡೆ ಬರುತ್ತದೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ನಿಶಾ ಮಿಲೆಟ್, 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ 14ನೇ ವಯಸ್ಸಿನಲ್ಲೇ ಹೋದ ಧಿನಿಧಿ ದೇಸಿಂಗು, ಇಬ್ಬರೂ ಬೆಂಗಳೂರಿನ ತರಬೇತಿ ಕೊಳಗಳಲ್ಲಿ, ತರಬೇತುದಾರರ ಕಣ್ಣೆದುರು, ಜೊತೆಗಾರರೊಂದಿಗೆ ಪಳಗಿದವರು. ಬಸವನಗುಡಿ ಅಕ್ವಾಟಿಕ್ ಸೆಂಟರ್, ಸದಾಶಿವನಗರದ ಕೆ.ಸಿ. ರೆಡ್ಡಿ ಈಜುಕೊಳ, ಮಂಗಳೂರಿನ ಮಹಾನಗರಪಾಲಿಕೆಯ ಕೊಳ, ಮೈಸೂರಿನಲ್ಲಿ ವಿಶ್ವವಿದ್ಯಾಲಯದ ಕೊಳ, ಇವುಗಳಿಗೆ ಸೇರಿಸಿ. ಇಡೀ ಕುಟುಂಬ ಒಂದು ವರ್ಷ ಅಲ್ಲಿಗೆ ಹೋಗಿಬಂದು, ಈಜು ಕಲಿತು, ಆಮೇಲೂ ಮನೆಯಲ್ಲಿ ಕೊಳ ಬೇಕೆನಿಸುತ್ತದೆಯೇ ಎಂದು ನೋಡುವುದು ಕಟ್ಟಿಸುವ ನಿರ್ಧಾರಕ್ಕೂ ಒಳ್ಳೆಯ ದಾರಿ. ಡಿಸೆಂಬರ್, ಜನವರಿಯಲ್ಲಿ ಬಿಸಿಮಾಡದ ತೆರೆದ ಕೊಳಕ್ಕೆ ಇಳಿಯಲು ನಿಮಗೆ ಮನಸ್ಸಾಗುತ್ತದೆಯೇ ಎಂಬುದೂ ಆಗ ತಿಳಿಯುತ್ತದೆ.

ಕೊಳವಿದ್ದರೆ ಮನೆಗೆ ಒಳ್ಳೆಯ ಬೆಲೆ ಬರುವುದೇ?

ಅದನ್ನು ನಂಬಿ ಕಟ್ಟಿಸಬೇಡಿ. ಕೊಳ ಬಯಸುವವರಷ್ಟೇ ಅದನ್ನು ಹೊರೆಯೆಂದು ನೋಡುವ ಕೊಳ್ಳುಗರೂ ಇದ್ದಾರೆ.

ಮಕ್ಕಳು ದೊಡ್ಡವರಾಗಿ ಹೊರಗೆ ಹೋದರು, ಕೊಳ ಬಳಕೆಯಲ್ಲಿಲ್ಲ. ಏನು ಮಾಡಬಹುದು?

ಹಸಿರುಗಟ್ಟಲು ಬಿಡುವುದೊಂದನ್ನು ಬಿಟ್ಟು ಬೇರೆ ಏನನ್ನಾದರೂ ಮಾಡಬಹುದು. ಮಣ್ಣು ತುಂಬಿ ಮುಚ್ಚುವುದಾದರೆ ಮೊದಲು ತಳದ ಕಾಂಕ್ರೀಟಿನಲ್ಲಿ ಹಲವು ಕಡೆ ತೂತು ಹೊಡೆದು, ಕೆಳಗೆ ಜಲ್ಲಿ ಹರಡಿ, ಪದರ ಪದರವಾಗಿ ಮಣ್ಣನ್ನು ದಮ್ಮಸ್ಸು ಮಾಡಿಸಬೇಕು. ಇಲ್ಲದಿದ್ದರೆ ಮಳೆನೀರು ಒಳಗೇ ನಿಂತು ಮೇಲಿನ ನೆಲ ಕುಸಿಯುತ್ತದೆ. ಸೋರಿಕೆಯಿಲ್ಲದ ಗಟ್ಟಿಮುಟ್ಟಾದ ಆರ್‌ಸಿಸಿ ಕೊಳವನ್ನು ಮುಚ್ಚುವುದಕ್ಕಿಂತ, ಎಂಜಿನಿಯರ್ ಒಬ್ಬರಿಂದ ಮೇಲ್ಚಪ್ಪಡಿಯ ವಿನ್ಯಾಸ ಮಾಡಿಸಿ, ಇಳಿಯಲು ಬೀಗ ಹಾಕಬಹುದಾದ ಮುಚ್ಚಳವಿಟ್ಟು, ಚಾವಣಿಯ ಪೈಪನ್ನು ಸೋಸುಕದ ಮೂಲಕ ಅದಕ್ಕೆ ತಿರುಗಿಸಿದರೆ, 38,000 ಲೀಟರಿನ ಮಳೆನೀರಿನ ಸಂಪು ಸಿದ್ಧವಾಗುತ್ತದೆ. ದಿನಕ್ಕೆ 400 ಲೀಟರ್ ಬಳಸುವ ಮನೆಗೆ ಅದು ಮೂರು ತಿಂಗಳ ನೀರು.